ದಾದಿಯ ಮನಸ್ಸು, ಆಸ್ಪತ್ರೆಯ ಕಟ್ಟಳೆ

ದಾದಿಯರಿಗೆ ತಾಳ್ಮೆಯನ್ನು ಬೋಧಿಸಿದವರು ಬಹುಮಂದಿ. ಆ ತಾಳ್ಮೆಯನ್ನು ಸವೆಯಿಸುವ ಕಟ್ಟಳೆಗಳನ್ನು ಪರೀಕ್ಷಿಸಿದವರು ವಿರಳ. ಲಂಡನ್ನಿನ ಮನೋವಿಶ್ಲೇಷಕಿ ಇಸಬೆಲ್ ಮೆಂಜೀಸ್ ಅಲ್ಲಿಯ ಬೋಧನಾಸ್ಪತ್ರೆಯೊಂದರ ಶುಶ್ರೂಷಾ ವಿಭಾಗವನ್ನು ಕುರಿತು 1960ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧ ಇಂದಿಗೂ ಓದಲು ಅರ್ಹವಾಗಿರುವುದು ಈ ಕಾರಣದಿಂದಲೇ.

ನೋವು, ಮಲಮೂತ್ರ, ಮರಣ, ಬಂಧುಗಳ ಶೋಕ ಇವುಗಳ ನಿತ್ಯಸಾಮೀಪ್ಯದಿಂದ ಹುಟ್ಟುವ ಉದ್ವೇಗವನ್ನು ನೇರವಾಗಿ ಎದುರಿಸಲಾರದೆ, ಆಸ್ಪತ್ರೆಯು ತಾನರಿಯದೆಯೇ ಅದರಿಂದ ಮರೆಯಾಗುವ ಪದ್ಧತಿಗಳನ್ನು ನಿರ್ಮಿಸಿಕೊಂಡಿತ್ತೆಂಬುದು ಅವರ ಪ್ರತಿಪಾದನೆ. ಒಬ್ಬ ರೋಗಿಯ ಸಮಗ್ರ ಆರೈಕೆ ಒಬ್ಬ ದಾದಿಗೆ ದೊರೆಯುತ್ತಿರಲಿಲ್ಲ. ಒಂದೆರಡು ಕೆಲಸಗಳನ್ನು ಹೊತ್ತು ವಾರ್ಡಿನುದ್ದಕ್ಕೂ ಮಂಚದಿಂದ ಮಂಚಕ್ಕೆ ಆಕೆ ಸಾಗಬೇಕಿತ್ತು. ರೋಗಿಗೆ ಹೆಸರಿರಲಿಲ್ಲ, ಮಂಚದ ಸಂಖ್ಯೆಯೋ ಕೆಟ್ಟ ಅಂಗವೋ ಅವನ ಗುರುತಾಗಿತ್ತು. ನಿದ್ರೆಯೇ ಔಷಧವೆಂದು ಬಲ್ಲ ದಾದಿಯೂ ನಿಯಮಕ್ಕೆ ಕಟ್ಟುಬಿದ್ದು ರೋಗಿಯನ್ನು ನಸುಕಿನಲ್ಲೇ ಎಬ್ಬಿಸಿ ಮುಖ ತೊಳೆಸುತ್ತಿದ್ದಳು. ಸ್ವಂತ ವಿವೇಚನೆಯನ್ನು ಬಳಸುವ ಅವಕಾಶ ಹೀಗೆ ಕುಗ್ಗುತ್ತ ಹೋದಂತೆ ಉದ್ವೇಗವು ತಗ್ಗದೆ ಬೆಳೆಯಿತು. ಸುಮಾರು ಮೂರರಲ್ಲೊಂದು ಪಾಲು ವಿದ್ಯಾರ್ಥಿನಿಯರು ತರಬೇತಿ ಮುಗಿಸದೆ ಹೊರಟುಹೋಗುತ್ತಿದ್ದರು, ಮತ್ತು ಹೊರಟವರಲ್ಲಿ ಉತ್ತಮರಾದವರೇ ಅನೇಕರಿದ್ದರು. ಈ ಸಂಗತಿಯನ್ನು ಓದುವಾಗ ನನಗೆ ಉಂಟಾಗುವ ವ್ಯಥೆ ಅಲ್ಪವಲ್ಲ.

ಕೃತಿಯಲ್ಲಿ ದೋಷಗಳಿಲ್ಲದಿಲ್ಲ. ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಅವರ ಸಿದ್ಧಾಂತವನ್ನು ಅನುಸರಿಸಿ ದಾದಿಯ ಭಯವನ್ನು ಶೈಶವದ ಕಲ್ಪನೆಗಳವರೆಗೆ ಎಳೆದೊಯ್ಯುವ ಭಾಗ ನನಗೆ ಒಪ್ಪಿಗೆಯಾಗದು. ಸಾಯುತ್ತಿರುವ ಮಗುವಿನ ಬಳಿ ನಿಂತವಳ ಕೈ ನಡುಗಲು ಅಷ್ಟು ದೂರದ ಕಾರಣವೇಕೆ ಬೇಕು? ರೋಗಿಯ ಧ್ವನಿಯೂ ಇಲ್ಲಿ ಕ್ಷೀಣ.

ಆದರೂ, ಮನೋವಿಜ್ಞಾನಿಗಳಾದ ಸಾಲೊವೆ ಮತ್ತು ಮೇಯರ್ 1990ರಲ್ಲಿ ನಿರೂಪಿಸಿದ ಭಾವನಾತ್ಮಕ ಬುದ್ಧಿಮತ್ತೆಯನ್ನು, ಅಂದರೆ ತನ್ನ ಮತ್ತು ಇತರರ ಭಾವನೆಗಳನ್ನು ಅರಿತು ನಿಭಾಯಿಸುವ ಶಕ್ತಿಯನ್ನು, ದಾದಿಯೊಬ್ಬಳ ಖಾಸಗಿ ಗುಣವೆಂದು ಭಾವಿಸಿ, ಪಾಳಿ ಮುಗಿಸಿ ದಣಿದವಳನ್ನು ಉಪನ್ಯಾಸಕ್ಕೆ ಕೂರಿಸುವ ಆಡಳಿತಗಾರರು ಮೊದಲು ಓದತಕ್ಕದ್ದು ಈ ಪ್ರಬಂಧವನ್ನೇ. ಸಹೋದ್ಯೋಗಿಯೊಡನೆ ದುಃಖವನ್ನು ಆಡಿಕೊಳ್ಳಲು ಹೊತ್ತಿಲ್ಲದ, ತಪ್ಪನ್ನು ಒಪ್ಪಿಕೊಂಡರೆ ಗದರಿಕೆಯೇ ಸಿಗುವ ವಾರ್ಡಿನಲ್ಲಿ ಸಂವಹನಕೌಶಲವನ್ನು ಕಲಿಸಿದರೆ ಅದನ್ನು ಆಕೆ ಎಲ್ಲಿ ಪ್ರಯೋಗಿಸಬೇಕು? ಕೆಲವೇ ರೋಗಿಗಳನ್ನು ಒಬ್ಬಳ ವಶಕ್ಕೆ ಪೂರ್ಣವಾಗಿ ಒಪ್ಪಿಸುವ ಕ್ರಮವನ್ನು ಮೆಂಜೀಸ್ ಮೆಚ್ಚಿದ್ದರು. ಆದರೆ ಅಂಥ ಬದಲಾವಣೆಯ ಮಾತೆತ್ತಿದಾಗಲೆಲ್ಲ ಆಸ್ಪತ್ರೆ ಬೆದರಿ ಹಳೆಯ ಕಟ್ಟಳೆಗಳನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತೆಂಬುದನ್ನೂ ಅವರು ಮರೆಮಾಚದೆ ದಾಖಲಿಸಿದ್ದಾರೆ.