ಉಲ್ಲೇಖಗಳ ಗಣನೆಯೂ ವಿದ್ವತ್ತಿನ ತೂಕವೂ

ವಿದ್ವಾಂಸನೊಬ್ಬನ ಲೇಖನಗಳನ್ನು ಅನ್ಯರು ಎಷ್ಟು ಬಾರಿ ಉಲ್ಲೇಖಿಸಿರುವರೆಂಬುದರಿಂದ ಅವನ ಯೋಗ್ಯತೆಯನ್ನು ನಿರ್ಣಯಿಸುವ ಪದ್ಧತಿಯು ಇಂದು ವಿಜ್ಞಾನಕ್ಷೇತ್ರದಲ್ಲಿ ಬಲವಾಗಿ ನೆಲೆಗೊಂಡಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಗಳಲ್ಲಿ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕಗಳನ್ನು ಗೊತ್ತುಪಡಿಸಿದ ಮೇಲೆ, ಎಣಿಕೆಯ ಈ ಮನೋಧರ್ಮವು ಸಾಹಿತ್ಯ ವಿಭಾಗಗಳ ಹೊಸ್ತಿಲನ್ನೂ ದಾಟಿತು. ಆದಕಾರಣ ಗಣನೆಯು ಯಾವುದನ್ನು ತೂಗುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ಒಂದು ಮಹತ್ತಾದ ದೃಷ್ಟಾಂತದ ಮೂಲಕ ಪರೀಕ್ಷಿಸುವುದು ಯುಕ್ತವಾಗಿದೆ.

1934ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರು ಘನಸ್ಥಿತಿ ರಸಾಯನ ಹಾಗೂ ಪದಾರ್ಥ ರಸಾಯನಗಳಲ್ಲಿ 1500ಕ್ಕೂ ಮಿಕ್ಕ ಲೇಖನಗಳನ್ನು ಪ್ರಕಟಿಸಿದವರು. 2014ರಲ್ಲಿ ಭಾರತರತ್ನ ಪ್ರಶಸ್ತಿಯಿಂದ ಭೂಷಿತರಾದವರು. ಅವರ ಎಚ್-ಸೂಚ್ಯಂಕವು 2013ರಲ್ಲಿ 100ನ್ನು ಮುಟ್ಟಿದಾಗ ಅದೊಂದು ದೊಡ್ಡ ಸುದ್ದಿಯಾಯಿತು. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ರೂಪಿಸಿದ ಈ ಸೂಚ್ಯಂಕದ ಅರ್ಥವು ಸರಳವಾದುದು: ಕನಿಷ್ಠ ನೂರು ಬಾರಿ ಉಲ್ಲೇಖಗೊಂಡ ಲೇಖನಗಳು ನೂರು ಇದ್ದರೆ ಸೂಚ್ಯಂಕ ನೂರು.

ಇದು ಅಸಾಧಾರಣ ಸಾಧನೆಯೆಂಬುದು ನಿರ್ವಿವಾದ. ಆದರೆ ಸಂಖ್ಯೆಯು ಹೇಳುವುದಿಷ್ಟೆ. ನೂರರ ಗೆರೆಯನ್ನು ದಾಟಿದ ಲೇಖನವು ಮುಂದೆ ಸಾವಿರ ಉಲ್ಲೇಖಗಳನ್ನು ಪಡೆದರೂ ನೂರೊಂದನ್ನೇ ಪಡೆದರೂ ಈ ಲೆಕ್ಕದಲ್ಲಿ ಭೇದವಿಲ್ಲ. ಆ ಗೆರೆಯ ಕೆಳಗುಳಿದ ಸುಮಾರು 1400 ಲೇಖನಗಳ ವಿಷಯದಲ್ಲಿ ಅದು ಮೌನವಾಗಿರುತ್ತದೆ. ಐವರು ಕೂಡಿ ಬರೆದ ಲೇಖನವು ಐವರ ಲೆಕ್ಕಕ್ಕೂ ಪೂರ್ಣವಾಗಿಯೇ ಸೇರುತ್ತದೆ.

ಇನ್ನು ಉಲ್ಲೇಖದ ಸ್ವರೂಪವನ್ನು ನೋಡೋಣ. ರಾವ್ ಅವರ ಲೇಖನಗಳಲ್ಲಿ ಅತಿಶಯವಾಗಿ ಉಲ್ಲೇಖಗೊಂಡವುಗಳ ಸಾಲಿನಲ್ಲಿ 2004ರ ಲೋಹ ಕಾರ್ಬಾಕ್ಸಿಲೇಟುಗಳ ಬರಹವೂ 2009ರ ಗ್ರಾಫೀನ್ ಕುರಿತ ಬರಹವೂ ಇವೆ. ಇವೆರಡೂ ಸಮೀಕ್ಷೆಗಳು; ಬೇರೆಯವರ ಶೋಧಗಳನ್ನೂ ಸಂಗ್ರಹಿಸಿ ವಿವೇಚಿಸಿದವು. ಹೊಸ ಕ್ಷೇತ್ರವನ್ನು ಪ್ರವೇಶಿಸುವವನು ತನ್ನ ಪೀಠಿಕೆಯಲ್ಲಿ ಇಂಥವನ್ನು ಸ್ಮರಿಸುವುದು ವಾಡಿಕೆ. ಅದಕ್ಕೆ ಪ್ರತಿಯಾಗಿ, 1973ರಲ್ಲಿ ಗಂಗೂಲಿಯವರೊಡನೆ ರಾವ್ ಅವರು ಪೊಟಾಸಿಯಂ ನಿಕಲ್ ಫ್ಲೋರೈಡಿನ ರಚನೆಯುಳ್ಳ ಆಕ್ಸೈಡುಗಳ ವಿದ್ಯುದ್ಗುಣವನ್ನು ಪರೀಕ್ಷಿಸಿದರು. ಆಗ ಆ ರಚನೆಯು ಕೆಲವೇ ತಜ್ಞರ ಆಸಕ್ತಿಯ ವಿಷಯವಾಗಿದ್ದಿತು. 1986ರಲ್ಲಿ ಬೆಡ್‌ನಾರ್ಜ್ ಮತ್ತು ಮುಲ್ಲರ್ ಅದೇ ರಚನೆಯುಳ್ಳ ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆಯನ್ನು ಕಂಡಾಗಲೇ ಆ ಪರಿಶ್ರಮದ ದೂರದೃಷ್ಟಿಯು ಬೆಳಕಿಗೆ ಬಂದಿತು. ಹದಿಮೂರು ವರ್ಷ ಕಾಯಬೇಕಾದ ಗುಣವನ್ನು ವಾರ್ಷಿಕ ಗಣನೆಯು ಹೇಗೆ ಕಂಡೀತು?

ಬೆಂಗಳೂರಿನದೇ ಇನ್ನೊಂದು ದೃಷ್ಟಾಂತವು ಇದಕ್ಕೆ ಭಿನ್ನವಾಗಿದೆ. ಭಾರತೀಯ ವಿಜ್ಞಾನ ಮಂದಿರದ ಕೆ. ಸಿ. ಪಾಟೀಲರು ಕಿಂಗ್ಸ್ಲೆಯವರೊಡನೆ 1988ರಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾಗಳ ದ್ರಾವಣವನ್ನು 500 ಡಿಗ್ರಿಗೆ ಕಾದ ಕುಲುಮೆಯಲ್ಲಿಟ್ಟರೆ ಅದು ತಾನೇ ಹೊತ್ತಿ ಉರಿದು, ಐದೇ ನಿಮಿಷಗಳಲ್ಲಿ ಕುರುಂದದ ನಯವಾದ ಪುಡಿಯಾಗುತ್ತದೆಂದು ಅದರಲ್ಲಿ ತೋರಿಸಲಾಗಿತ್ತು. ಉರಿಯೇ ಬೇಕಾದ ಶಾಖವನ್ನು ಒದಗಿಸುವುದರಿಂದ ಬೆಲೆಬಾಳುವ ಉಪಕರಣವು ಅನಾವಶ್ಯಕ. ಈ ದಹನವಿಧಾನವು ಬಡ ಪ್ರಯೋಗಶಾಲೆಗಳಿಗೂ ಎಟುಕಿತು. ಅದನ್ನು ಅನುಸರಿಸಿದ ಲೇಖನಗಳು ಭದ್ರಾವತಿಗೆ ಸಮೀಪದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಿಂದಲೂ ಹೊರಟಿವೆ. ಇಲ್ಲಿ ಉಲ್ಲೇಖಿಸುವವನು ಮೂಲದ ಪ್ರಯೋಗವನ್ನು ತನ್ನ ಕೈಯಿಂದ ಮಾಡಿ ನೋಡಿದವನು. ಪೀಠಿಕೆಯ ಉಪಚಾರದ ಸ್ಮರಣೆಯೂ ಈ ಅನುಸರಣೆಯೂ ಗಣನೆಯಲ್ಲಿ ತಲಾ ಒಂದೇ! ಮೇಲಾಗಿ, ವಿಧಾನವೊಂದು ಸರ್ವಸಾಧಾರಣವಾದಷ್ಟೂ ಅದರ ಕರ್ತೃವಿನ ಹೆಸರನ್ನು ಹೇಳುವವರು ಕಡಿಮೆಯಾಗುತ್ತಾರೆ.

ಕನ್ನಡ ವಿದ್ವಾಂಸರಿಗೆ ಈ ವಿಚಾರವು ಹೊಸದಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತನಗೆ ಲಕ್ಷ್ಯವನ್ನೊದಗಿಸಿದ ಕವಿಗಳನ್ನು ಹೆಸರಿಸುವಾಗ ಗಜಗ, ಗುಣನಂದಿ ಮೊದಲಾದವರನ್ನು ಸ್ಮರಿಸಿದ್ದಾನೆ. ಅವರ ಕಾವ್ಯಗಳು ನಮಗೆ ದೊರೆತಿಲ್ಲ, ಉಲ್ಲೇಖ ಉಳಿದಿದೆ. ವೈಯಾಕರಣನು ಕವಿಯನ್ನು ಸ್ಮರಿಸಿದ್ದು ಒಂದು ರೂಪದ ಸಾಧುತ್ವಕ್ಕಾಗಿಯೇ ಹೊರತು ಕಾವ್ಯದ ತಾರತಮ್ಯ ನಿರ್ಣಯಕ್ಕಾಗಿ ಅಲ್ಲ. ಲಕ್ಷ್ಯಗಳನ್ನು ಎಣಿಸಿ ಕವಿಗಳ ಪಂಕ್ತಿಯನ್ನು ಏರ್ಪಡಿಸಿದ ವಿಮರ್ಶಕನನ್ನು ಯಾರೂ ಒಪ್ಪಲಾರರು.

ಹಾಗೆಂದು ಗಣನೆಯು ನಿಷ್ಪ್ರಯೋಜಕವೆನ್ನಲಾಗದು. ಪಕ್ಷಪಾತವಿರುವ ಸಮಿತಿಯ ಮುಂದೆ ದೂರದೇಶದ ಅಪರಿಚಿತರ ಸಾಕ್ಷ್ಯವು ಯೋಗ್ಯನಾದ ಬಡ ಅಧ್ಯಾಪಕನಿಗೆ ಆಸರೆಯಾಗಬಲ್ಲುದು. ಆದರೆ ಸಾಕ್ಷಿಗಳನ್ನು ಎಣಿಸಿದ ಮಾತ್ರಕ್ಕೆ ವಿಚಾರಣೆಯು ಮುಗಿಯದು. ಅವರ ಮಾತನ್ನು ಕೇಳಬೇಕು. ಯಾರು, ಯಾವ ವಾಕ್ಯದಲ್ಲಿ, ಯಾವ ಪ್ರಯೋಜನಕ್ಕಾಗಿ ಉಲ್ಲೇಖಿಸಿದರೆಂಬುದನ್ನು ಅರಿಯಲು ಲೇಖನವನ್ನು ಓದುವುದೊಂದೇ ಮಾರ್ಗ. ರಾವ್ ಅವರ ಹಿರಿಮೆಗೆ ನೂರೆಂಬ ಸಂಖ್ಯೆಯು ಸೂಚನೆ ಮಾತ್ರ. ಪ್ರಮಾಣವಿರುವುದು 1973ರ ಲೇಖನದಂಥ ಪುಟಗಳಲ್ಲಿ.