ಸಿದ್ಧರಾಮನ ಒಳದನಿ

ಸೊನ್ನಲಿಗೆಯೆಂಬ ಹೆಸರಿನಿಂದ ನಮ್ಮ ಸೊಲ್ಲಾಪುರವು ಕನ್ನಡ ಕಾವ್ಯದಲ್ಲಿ ನೆಲೆಸಿದೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳ ಹಿಂದೆ ನಡೆಯುವ ನಾವು ಕೆರೆ ಕಟ್ಟಿಸಿದ ಕರ್ಮಯೋಗಿಯನ್ನು ಚೆನ್ನಾಗಿ ಬಲ್ಲೆವು. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಬಾಲಕನನ್ನು ಅಷ್ಟಾಗಿ ಬಲ್ಲೆವೆನ್ನಲಾಗದು. ಅಂತರಂಗದ ಸ್ಫುರಣೆಯನ್ನು ನಂಬಿ ನಡೆಯುವುದೂ ಒಂದು ಸಾಧನೆಯೆಂಬುದನ್ನು ನಮಗೆ ಕಾಣಿಸಿದವನು ಆ ಬಾಲಕನೇ.

ಮುದ್ದುಗೌಡ ಸುಗ್ಗವ್ವೆಯರ ಈ ಮಗ ಊರವರ ಕಣ್ಣಿಗೆ ಮಂದಮತಿ. ದನ ಕಾಯುವಲ್ಲಿಗೆ ಬಂದ ಜಂಗಮನೊಬ್ಬ ತನ್ನ ಹೆಸರು ಮಲ್ಲಯ್ಯ, ತನ್ನ ಊರು ಶ್ರೀಶೈಲ ಎನ್ನುತ್ತಾನೆ, ಹಸಿವೆನ್ನುತ್ತಾನೆ. ಉಣಿಸು ತರಲು ಹುಡುಗ ತಾಯಿಯ ಬಳಿಗೆ ಓಡುತ್ತಾನೆ. ಮರಳಿ ಬಂದಾಗ ಜಂಗಮನಿಲ್ಲ. ಅವನನ್ನು ಕೂಗುತ್ತ ಅಲೆಯುವ ಭಾಗವೇ ಕಾವ್ಯದ ಜೀವಾಳವೆಂದು ನಮ್ಮ ಅಭಿಪ್ರಾಯ. ವಾರ್ಧಕ ಷಟ್ಪದಿಯ ಬಿರುಸು ಇಲ್ಲಿ ಮಗುವಿನ ಏದುಸಿರಾಗಿ ಕೇಳಿಸುತ್ತದೆ. ಯಾತ್ರಿಕರೊಡನೆ ಶ್ರೀಶೈಲ ಸೇರಿದವನಿಗೆ ಎಲ್ಲರೂ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆನ್ನುತ್ತಾರೆ. ಹುಡುಗ ಒಪ್ಪುವುದಿಲ್ಲ. ತಾನು ಕಂಡವನು ಮಾತಾಡಿದ್ದ, ಹಸಿದಿದ್ದ. ಕಡೆಗೆ ಕೊರಕಲಿಗೆ ಹಾರಲು ಹೊರಟವನನ್ನು ಮಲ್ಲಿಕಾರ್ಜುನನೇ ಬಂದು ಹಿಡಿಯುತ್ತಾನೆ.

ನಾವು ಶಾಲೆಯಲ್ಲಿ ಈ ಕಥೆಯನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಎದ್ದು, “ಗುರುಗಳೇ, ಎಲ್ಲರೂ ಹೌದೆಂದಾಗ ಇವನೊಬ್ಬ ಅಲ್ಲವೆಂದರೆ ಅದು ಹಟವಲ್ಲವೇ?” ಎಂದ. ಗಂಟೆ ಬಾರಿಸುವ ಹೊತ್ತು; ಪರೀಕ್ಷೆಗೆ ಬೇಕಾದಷ್ಟನ್ನು ಬರೆದುಕೊಳ್ಳೆಂದು ಅವನನ್ನು ಕೂರಿಸಿದೆವು. ತರಗತಿಯ ಅತ್ಯುತ್ತಮ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಅದು!

ಹಟಕ್ಕೂ ಒಳಅರಿವಿಗೂ ಹೊರಗಿನ ಚಹರೆ ಒಂದೇ. ಆದರೆ ರಾಘವಾಂಕನ ಕಥನವನ್ನು ನಿಧಾನವಾಗಿ ಓದಿದರೆ ಭೇದ ತಿಳಿಯುತ್ತದೆ. ಹುಡುಗನ ನಂಬಿಕೆ ಮೊದಲಾಗುವುದು ಹಸಿದವನಿಗೆ ಉಣಿಸುವ ತವಕದಲ್ಲಿ. ತನಗೆಂದು ಅವನು ಏನನ್ನೂ ಬೇಡುತ್ತಿಲ್ಲ. ಹಟಮಾರಿಯು ಇನ್ನೊಬ್ಬರನ್ನು ಬಾಗಿಸಲು ನೋಡುತ್ತಾನೆ. ಈ ಹುಡುಗ ಯಾರೊಡನೆಯೂ ವಾದಕ್ಕಿಳಿಯದೆ ಹುಡುಕುತ್ತ ಮುಂದೆ ನಡೆಯುತ್ತಾನೆ, ಅಷ್ಟೇ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ವಿಮರ್ಶೆ ಬರಿಯ ಸ್ತುತಿಯಾದೀತು. ‘ಶೂನ್ಯಸಂಪಾದನೆ’ ಇದೇ ಸಿದ್ಧರಾಮನನ್ನು ಇನ್ನೊಂದು ಬೆಳಕಿನಲ್ಲಿ ನಿಲ್ಲಿಸುತ್ತದೆ. ಕೆರೆಯ ಕೆಲಸ ನಡೆದಿರುವಲ್ಲಿಗೆ ಅಲ್ಲಮ ಬಂದು ಅವನನ್ನು ಒಡ್ಡನೆಂದು ಹಂಗಿಸುತ್ತಾನೆ. ಕೆಲಸಗಾರರು ಕಲ್ಲೆಸೆಯುತ್ತಾರೆ, ಸಿದ್ಧರಾಮನು ಸಿಟ್ಟಿನಿಂದ ಉರಿಗಣ್ಣು ತೆರೆಯುತ್ತಾನೆ. ಶ್ರೀಶೈಲದಲ್ಲಿ ಊರೆಲ್ಲ ಅಲ್ಲಗಳೆದರೂ ಅಳುತ್ತ ಹುಡುಕುತ್ತಿದ್ದವನು ಇಲ್ಲಿ ಒಂದು ಮಾತಿಗೆ ಕೆರಳುತ್ತಾನೆ. ಒಳದನಿಯ ಜಾಗದಲ್ಲಿ ‘ನಾನು ಕಟ್ಟಿಸಿದೆ’ ಎಂಬುದು ಯಾವಾಗಲೋ ಬಂದು ಕುಳಿತಿದೆ, ಅವನಿಗದು ತಿಳಿದಿಲ್ಲ. ಅಲ್ಲಮನ ಹಂಗಣೆ ಒರಟೆಂದು ಕೆಲವರು ಆಕ್ಷೇಪಿಸುವುದುಂಟು. ಮೃದುವಾದ ಮಾತು ಅಲ್ಲಿಯವರೆಗೆ ಇಳಿಯುತ್ತಿರಲಿಲ್ಲವೆಂದೇ ನಮ್ಮ ಎಣಿಕೆ. ಆ ಮಾತನ್ನು ತಡೆದುಕೊಂಡು ಕೇಳುವಷ್ಟು ಸತ್ತ್ವ ಅವನಲ್ಲಿ ಉಳಿದಿದ್ದುದರಿಂದಲೇ ಅವನು ಮುಂದೆ ಕಲ್ಯಾಣಕ್ಕೆ ಹೋಗಿ, ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ.

ಎರಡು ಗ್ರಂಥಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕೆಂದು ಸಂಘದ ಕಿರಿಯರಲ್ಲಿ ನಮ್ಮ ವಿನಂತಿ. ಆ ವಿದ್ಯಾರ್ಥಿ ಈಗ ಎಲ್ಲಿರುವನೋ ಅರಿಯೆವು. ಈ ಸಂಚಿಕೆ ಅವನ ಕೈಗೆ ಸಿಕ್ಕರೆ, ತಡವಾದ ಉತ್ತರವನ್ನು ಅವನು ತಿದ್ದಿ ಕಳುಹಿಸಲಿ.