ಆಟೋಮ್ಯಾಟಿಕ್ ಕಾರಿಗೆ ಕ್ಲಚ್ ಕಸಿ

ಕ್ಲಚ್ ತುಳಿದು ಗೇರ್ ಹಾಕುವ ಕಾರು ಅಮೆರಿಕದಲ್ಲಿ ಇವತ್ತು ಅಪರೂಪದ ವಸ್ತು. 1980ರಲ್ಲಿ ಅಲ್ಲಿನ ಹೊಸ ಕಾರುಗಳಲ್ಲಿ ಸುಮಾರು ಮೂರರಲ್ಲೊಂದು ಮ್ಯಾನುವಲ್ ಆಗಿತ್ತು. ಈಗ ನೂರಕ್ಕೆ ಒಂದೆರಡು ಸಿಕ್ಕರೆ ಅದೇ ಹೆಚ್ಚು. ಹೀಗೆ ಅಪರೂಪವಾಗುತ್ತ ಬಂದಂತೆ ಅದರ ಮೇಲಿನ ಮೋಹವೂ ಬೆಳೆಯಿತು. ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕಡಿಮೆ ಬೆಲೆಗೆ ಕೊಂಡು, ಅದರ ಗೇರ್‌ಬಾಕ್ಸ್ ಇಳಿಸಿ, ಅದೇ ಜಾಗಕ್ಕೆ ಮ್ಯಾನುವಲ್ ಗೇರ್‌ಬಾಕ್ಸ್ ಕೂರಿಸುವ ಪದ್ಧತಿ ಅಲ್ಲಿಯೂ ಬ್ರಿಟನ್, ಜರ್ಮನಿಗಳಲ್ಲಿಯೂ ಕಾರುಪ್ರಿಯರ ನಡುವೆ ಬೇರೂರಿದೆ. ಅದಕ್ಕೆ ಬೇಕಾದ ಸಾಮಾನನ್ನೆಲ್ಲ ಒಟ್ಟುಗೂಡಿಸಿ ಕಿಟ್ ಮಾಡಿ ಮಾರುವವರೂ ಇದ್ದಾರೆ. ಆ ಕಾರನ್ನು ಓಡಿಸುವವರ ಸಂತೋಷ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಟ್ಟಾರೆ ತೂಗಿ ನೋಡಿದರೆ ಈ ಕೆಲಸದಲ್ಲಿ ಪಡೆಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಆ ನಷ್ಟ ಇರುವುದು ಗೇರ್‌ಬಾಕ್ಸಿನ ಸುತ್ತಮುತ್ತ, ಯಾರೂ ಮೊದಲಿಗೆ ಕಣ್ಣು ಹಾಯಿಸದ ಕಡೆಗಳಲ್ಲಿ.

ಒಂದು ಕಾರನ್ನೇ ಹಿಡಿದು ಮಾತಾಡೋಣ. ಬಿಎಂಡಬ್ಲ್ಯು ಕಂಪನಿಯ 3 ಸೀರೀಸ್‌ನಲ್ಲಿ 1998ರಿಂದ ಬಂದ ತಲೆಮಾರಿಗೆ ಇ46 ಎಂಬ ಸಂಕೇತವಿದೆ. ಅದರಲ್ಲಿ 330ಐ ಎಂಬುದು ಮೂರು ಲೀಟರಿನ, ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್ ಇರುವ, ಹಿಂದಿನ ಚಕ್ರಗಳಿಂದ ಓಡುವ ಕಾರು. ಸ್ಟೀರಿಂಗ್ ಹಿಡಿದು ಓಡಿಸುವುದರಲ್ಲೇ ಖುಷಿ ಕಾಣುವವರು ಇವತ್ತಿಗೂ ಹುಡುಕಿಕೊಂಡು ಹೋಗುವ ಕಾರು ಇದು. ಅದರ ಐದು ಗೇರಿನ ಆಟೋಮ್ಯಾಟಿಕ್ ಮಾದರಿಗೆ ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಮ್ಯಾನುವಲ್‌ಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಬೇಕು. ಅದಕ್ಕಿಂತ ಮುಖ್ಯವಾಗಿ, ಕಾಲು ಒತ್ತಿದ ಮೇಲೆ ಟಾರ್ಕ್ ಕನ್ವರ್ಟರಿನೊಳಗಿನ ಎಣ್ಣೆ ತಿರುಗಿ ಬಲ ಚಕ್ರಕ್ಕೆ ತಲುಪುವಷ್ಟರಲ್ಲಿ ಒಂದು ಸಣ್ಣ ತಡ ಉಳಿದುಬಿಡುತ್ತದೆ. ಇಷ್ಟು ಒಳ್ಳೆಯ ಎಂಜಿನ್ ಇಷ್ಟು ಮಂಕಾಗಿ ಉತ್ತರಿಸುತ್ತದಲ್ಲ ಎಂದು ಮಾಲೀಕನಿಗೆ ಬೇಸರವಾದರೆ ತಪ್ಪಿಲ್ಲ. ಆಸೆಗೆ ಕಾರಣವಿದೆ. ನನ್ನ ತಕರಾರು ಅದನ್ನು ತೀರಿಸಿಕೊಳ್ಳುವ ದಾರಿಯ ಬಗ್ಗೆ.

ಗೇರ್‌ಬಾಕ್ಸ್ ಇಳಿಸಿ ಏರಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಆಟೋಮ್ಯಾಟಿಕ್ ಎಂಜಿನಿನ ಹಿಂಬದಿಗೆ ತೆಳ್ಳನೆಯ ಫ್ಲೆಕ್ಸ್ ಪ್ಲೇಟ್ ಇರುತ್ತದೆ. ಅದನ್ನು ತೆಗೆದು ಭಾರದ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಕೂರಿಸಬೇಕು. ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಕೂರಲು ಕ್ರ್ಯಾಂಕ್‌ಶಾಫ್ಟಿನ ತುದಿಗೆ ಪೈಲಟ್ ಬೇರಿಂಗ್ ಹಾಕಬೇಕು. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಎರಡೂ ಮಾದರಿಗಳಲ್ಲಿ ಒಂದೇ ಅಲ್ಲ, ಗೇರ್‌ಬಾಕ್ಸನ್ನು ಹೊರುವ ಬ್ರ್ಯಾಕೆಟ್ಟೂ ಒಂದೇ ಅಲ್ಲ. ಇವನ್ನೆಲ್ಲ ಅಪಘಾತದಲ್ಲಿ ಜಜ್ಜಿಹೋದ ಒಂದೇ ಮ್ಯಾನುವಲ್ ಕಾರಿನಿಂದ ಪೂರ್ತಿಯಾಗಿ ತಂದರೆ ಸರಿ. ಒಂದೊಂದನ್ನು ಒಂದೊಂದು ಕಡೆಯಿಂದ ಗುಜರಿಯಲ್ಲಿ ಆರಿಸಿ ತಂದರೆ, ಎಂಬತ್ತರ ವೇಗಕ್ಕೆ ನೆಲದಿಂದ ನಡುಕ ಹತ್ತಿ ಬರುತ್ತದೆ. ಅದು ಯಾವ ಭಾಗದಿಂದ ಬಂತೆಂದು ಹುಡುಕುವುದರಲ್ಲೇ ತಿಂಗಳು ಕಳೆಯುತ್ತದೆ. ಖರ್ಚು ಉಳಿಸಲೆಂದು ಎರಡು ಪದರದ ಫ್ಲೈವೀಲ್ ಬಿಟ್ಟು ಒಂದೇ ತುಂಡಿನದನ್ನು ಹಾಕಿದವರಿಗೆ ಕಾರು ನಿಂತಿದ್ದಾಗಲೆಲ್ಲ ಗೇರ್‌ಬಾಕ್ಸಿನೊಳಗೆ ಗಲಗಲ ಸದ್ದು ಕೇಳುತ್ತದೆ. ಮೂಲ ಮ್ಯಾನುವಲ್ ಕಾರು ತಯಾರಾದಾಗ ಆ ಸದ್ದನ್ನು ಅಡಗಿಸಲೆಂದೇ ಎಂಜಿನಿಯರುಗಳು ಎರಡು ಪದರದ ಫ್ಲೈವೀಲ್ ಹಾಕಿದ್ದರು.

ಕ್ಲಚ್ ಪೆಡಲಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಾರಿನಲ್ಲಿ ಕ್ಲಚ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ, ಮತ್ತು ಆ ಎಣ್ಣೆ ಬರುವುದು ಬ್ರೇಕ್ ಆಯಿಲ್ ಡಬ್ಬಿಯಿಂದಲೇ. ಹಾಗಾಗಿ ಕ್ಲಚ್ ಜೋಡಿಸುವವನು ಬ್ರೇಕಿನ ಆಯಿಲ್ ಡಬ್ಬಿಗೆ ಕೈ ಹಾಕಲೇಬೇಕು: ಹೊಸ ಪೈಪ್ ಎಳೆಯಬೇಕು, ಮಾಸ್ಟರ್ ಸಿಲಿಂಡರನ್ನು ಪೆಡಲಿನ ಬಳಿ ಕೂರಿಸಬೇಕು, ಸ್ಲೇವ್ ಸಿಲಿಂಡರನ್ನು ಕೆಳಗೆ ಗೇರ್‌ಬಾಕ್ಸಿಗೆ ಜೋಡಿಸಬೇಕು, ಒಳಗಿನ ಗಾಳಿಯನ್ನು ಪೂರ್ತಿ ತೆಗೆಯಬೇಕು. ಆಟೋಮ್ಯಾಟಿಕ್‌ನ ಅಗಲವಾದ ಬ್ರೇಕ್ ಪೆಡಲನ್ನೂ ತೆಗೆದು ಇಡೀ ಪೆಡಲ್ ಸೆಟ್ಟನ್ನೇ ಬದಲಿಸಬೇಕು. ಕಾರನ್ನು ನಿಲ್ಲಿಸುವ ವ್ಯವಸ್ಥೆಯನ್ನು ಬಿಚ್ಚಿ ಮತ್ತೆ ಕಟ್ಟುವ ಈ ಕೆಲಸ, ಮನೆಯ ಶೆಡ್ಡಿನಲ್ಲಿ ವಾರದ ರಜೆಯಲ್ಲಿ ಮಾಡುವಂಥದ್ದಲ್ಲ. ಆದರೂ ಬಹಳ ಜನ ಹಾಗೆಯೇ ಮಾಡುತ್ತಾರೆ.

ಇದಕ್ಕಿಂತ ಅಪಾಯದ್ದು ಸ್ಟಾರ್ಟರಿನ ವೈರು. ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಅಮೆರಿಕದ ಮ್ಯಾನುವಲ್ ಕಾರು ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಬದಲಾಯಿಸಿದ ಕಾರಿನಲ್ಲಿ ಹಳೆಯ ಸ್ವಿಚ್ ಗೇರ್‌ಬಾಕ್ಸಿನ ಜೊತೆಗೇ ಹೋಗಿರುತ್ತದೆ. ಆಗ ಹಲವರು ಮಾಡುವುದು ಏನೆಂದರೆ ಎರಡು ವೈರುಗಳನ್ನು ಕೂಡಿಸಿ, ಕಾರು ಯಾವಾಗಲೂ ಪಾರ್ಕ್‌ನಲ್ಲೇ ಇದೆ ಎಂದು ಸ್ಟಾರ್ಟರನ್ನು ನಂಬಿಸುವುದು. ಅಂಥ ಕಾರನ್ನು ಗೇರಿನಲ್ಲಿ ಬಿಟ್ಟು ಹೋಗಿದ್ದರೆ, ಬೆಳಿಗ್ಗೆ ಬೇರೊಬ್ಬರು ಬಾಗಿಲ ಹೊರಗೆ ನಿಂತೇ ಕೀ ತಿರುಗಿಸಿದರೂ ಕಾರು ಮುಂದಕ್ಕೆ ಜಿಗಿಯುತ್ತದೆ. ಎದುರಿಗೆ ಗೋಡೆಯಿದ್ದರೆ ಪುಣ್ಯ. ಕ್ಲಚ್ ಸ್ವಿಚ್ಚನ್ನು ಸರಿಯಾಗಿ ಜೋಡಿಸಲು ತಗಲುವುದು ಒಂದೆರಡು ಗಂಟೆಯ ಕೆಲಸ. ಅದನ್ನು ಬಿಟ್ಟುಬಿಡುವುದಕ್ಕೆ ಯಾವ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ. ಕ್ರೂಸ್ ಕಂಟ್ರೋಲಿಗೂ ಕ್ಲಚ್ ಸ್ವಿಚ್ ಬೇಕು. ಇಲ್ಲದಿದ್ದರೆ ಹೆದ್ದಾರಿಯಲ್ಲಿ ಕ್ಲಚ್ ತುಳಿದ ಕ್ಷಣವೇ ಎಂಜಿನ್ ಹೂಂಕರಿಸಿ ಎದ್ದುಬಿಡುತ್ತದೆ.

ಇನ್ನು ಟಾಪ್ ಗೇರಿನ ಲೆಕ್ಕ. ಇ46 330ಐ ಆಟೋಮ್ಯಾಟಿಕ್‌ನ ಡಿಫರೆನ್ಷಿಯಲ್ ಅನುಪಾತ 3.38. ಮ್ಯಾನುವಲ್‌ನದು 2.93. ಈ ವ್ಯತ್ಯಾಸಕ್ಕೆ ಕಾರಣವಿದೆ. ಆಟೋಮ್ಯಾಟಿಕ್‌ನ ಐದನೇ ಗೇರ್ ಸುಮಾರು 0.75ರ ಓವರ್‌ಡ್ರೈವ್, ಐದು ಗೇರಿನ ಮ್ಯಾನುವಲ್‌ನಲ್ಲಿ ಐದನೆಯದು ನೇರ ಗೇರ್, ಅಂದರೆ 1. ಗೇರ್‌ಬಾಕ್ಸ್ ಮಾತ್ರ ಬದಲಿಸಿ ಹಿಂದಿನ ಡಿಫರೆನ್ಷಿಯಲ್ ಹಾಗೆಯೇ ಬಿಟ್ಟರೆ, ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಮೊದಲಿಗಿಂತ ಮೂರನೇ ಒಂದು ಪಾಲು ಹೆಚ್ಚು ಸುತ್ತಬೇಕಾಗುತ್ತದೆ. ಗಂಟೆಗೆ ನೂರರಲ್ಲಿ ಎರಡು ಸಾವಿರದ ಆಸುಪಾಸು ತಣ್ಣಗೆ ಓಡುತ್ತಿದ್ದ ಎಂಜಿನ್ ಈಗ ಮೂರು ಸಾವಿರದ ಹತ್ತಿರ ಸುತ್ತುತ್ತದೆ. ಊರಿನೊಳಗೆ ಕಾರು ಚುರುಕಾಯಿತು ಎನ್ನಿಸುತ್ತದೆ, ನಿಜ. ದೂರದ ಪ್ರಯಾಣದಲ್ಲಿ ಮಾತ್ರ ಸದ್ದೂ ಪೆಟ್ರೋಲೂ ಏರುತ್ತವೆ. ಡಿಫರೆನ್ಷಿಯಲ್ಲನ್ನೂ ಬದಲಿಸಿದರೆ ಸರಿಹೋಗುತ್ತದೆ, ಆದರೆ ಅಷ್ಟು ಹೊತ್ತಿಗೆ ಮಾಲೀಕನ ಕೈಯಲ್ಲಿ ಹಣ ಉಳಿದಿರುವುದಿಲ್ಲ. ಕಾರ್ಖಾನೆಯಿಂದಲೇ ಮ್ಯಾನುವಲ್ ಆಗಿ ಬಂದ 330ಐಗೂ ಬದಲಾಯಿಸಿದ 330ಐಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ: ಮೊದಲನೆಯದರ ಎಂಜಿನ್, ಗೇರ್, ಡಿಫರೆನ್ಷಿಯಲ್ ಮೂರೂ ಒಂದೇ ಲೆಕ್ಕದಿಂದ ಬಂದವು. ಮಾವಿಗೆ ಮಾವಿನ ಕಸಿ ಹಿಡಿಯುತ್ತದೆ, ಆದರೆ ಬೇರೂ ರೆಂಬೆಯೂ ಹೊಂದುವಂತೆ ಆರಿಸುವ ಕೈ ಬೇಕು.

ಎಲೆಕ್ಟ್ರಾನಿಕ್ಸ್ ಬಗ್ಗೆ ಹೇಳುವುದು ಬಹಳವಿದೆ, ಚುಟುಕಾಗಿ ಮುಗಿಸುತ್ತೇನೆ. ಈ ಕಾರಿನಲ್ಲಿ ಎಂಜಿನಿಗೊಂದು, ಗೇರ್‌ಬಾಕ್ಸಿಗೊಂದು ಕಂಪ್ಯೂಟರ್ ಇದ್ದು ಸದಾ ಮಾತಾಡಿಕೊಳ್ಳುತ್ತಿರುತ್ತವೆ. ಗೇರ್‌ಬಾಕ್ಸಿನದು ದಿಢೀರನೆ ಇಲ್ಲವಾದರೆ ಎಂಜಿನಿನದು ದೋಷವೆಂದೇ ತಿಳಿಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತದೆ. ಹೊಸದಾಗಿ ಪ್ರೋಗ್ರ್ಯಾಮ್ ಬರೆಸಿ ತಾನು ಮ್ಯಾನುವಲ್ ಕಾರಿನಲ್ಲಿದ್ದೇನೆ ಎಂದು ಅದಕ್ಕೆ ತಿಳಿಸಿಕೊಡಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಹೊಗೆ ತಪಾಸಣೆ ಎಂದರೆ ಕಾರಿನ ಕಂಪ್ಯೂಟರಿಗೆ ವೈರ್ ಚುಚ್ಚಿ ದೋಷದ ಸಂಕೇತ ಓದುವುದೇ. ದೀಪ ಉರಿಯುತ್ತಿರುವ ಕಾರು ಅಲ್ಲಿ ಪಾಸಾಗುವುದಿಲ್ಲ. ಇಪ್ಪತ್ತು ವರ್ಷ ಹಳೆಯ ಕಾರಿನಲ್ಲಿ ಇದು ಇನ್ನೂ ಕೈಗೆಟುಕುವ ಕೆಲಸ. ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕು, ತಾನೇ ಬ್ರೇಕ್ ಹಿಡಿಯುವ ಕ್ರೂಸ್ ಕಂಟ್ರೋಲು, ಸಿಗ್ನಲ್ಲಿನಲ್ಲಿ ತಾನೇ ನಿಂತು ಹೊರಡುವ ಎಂಜಿನ್ ಇರುವ ಈಗಿನ ಕಾರುಗಳಲ್ಲಿ ಇದನ್ನು ಮಾಡಹೊರಡುವುದು ಶುದ್ಧ ಹಟ. ಮೇಲಾಗಿ 2009ರಿಂದ ಬಂದ ಝಡ್‌ಎಫ್ ಕಂಪನಿಯ ಎಂಟು ಗೇರಿನ ಆಟೋಮ್ಯಾಟಿಕ್‌ನಂಥವು ಮನುಷ್ಯನ ಕೈಗಿಂತ ವೇಗವಾಗಿ ಗೇರ್ ಬದಲಿಸುತ್ತವೆ. ಅಲ್ಲಿ ಮ್ಯಾನುವಲ್‌ಗೆ ಹೋದವನು ವೇಗವನ್ನೂ ಮೈಲೇಜನ್ನೂ ಬಿಟ್ಟುಕೊಡುತ್ತಾನೆ.

ಎಲ್ಲ ಬದಲಾವಣೆಯೂ ಒಂದೇ ತರದ್ದಲ್ಲ ಎಂದೂ ಹೇಳಬೇಕು. ಅದೇ ಇ46 ತಲೆಮಾರಿನ ಎಂ3 ಕಾರಿನಲ್ಲಿ ಎಸ್‌ಎಂಜಿ ಎಂಬ ವ್ಯವಸ್ಥೆ ಇತ್ತು. ಅದರ ಗೇರ್‌ಬಾಕ್ಸ್ ಮೂಲದಲ್ಲಿ ಗೆಟ್ರಾಗ್ ಕಂಪನಿಯ ಆರು ಗೇರಿನ ಮ್ಯಾನುವಲ್ಲೇ. ಕ್ಲಚ್ಚನ್ನೂ ಗೇರನ್ನೂ ಕಾಲು ಕೈಗಳ ಬದಲು ಎಣ್ಣೆಯ ಒತ್ತಡದ ಪಂಪು ಓಡಾಡಿಸುತ್ತಿತ್ತು. ಫೆರಾರಿ 1997ರಲ್ಲಿ ಎಫ್355 ಕಾರಿನಲ್ಲಿ ತಂದದ್ದೂ ಇಂಥದ್ದೇ. ಇವುಗಳ ಪಂಪು ತೆಗೆದು ಪೆಡಲ್ ಹಾಕುವುದು ಒಂದರ್ಥದಲ್ಲಿ ಮೂಲಕ್ಕೆ ಮರಳುವುದು. ಡಿಫರೆನ್ಷಿಯಲ್ ಲೆಕ್ಕ ಕೆಡುವುದಿಲ್ಲ, ಶಾಫ್ಟಿನ ತಲೆನೋವಿಲ್ಲ, ಹಾಳಾಗುವ ಪಂಪೂ ತೊಲಗುತ್ತದೆ. ಇಂಥ ಪರಿವರ್ತನೆಯ ಪರವಾಗಿ ನಾನು ವಾದಿಸಬಲ್ಲೆ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊದಿಂದ ಶುರುವಾದ ಎಎಂಟಿ ಕಾರುಗಳೂ ತತ್ವದಲ್ಲಿ ಇದೇ ಜಾತಿಯವು: ಸಾಧಾರಣ ಮ್ಯಾನುವಲ್ ಗೇರ್‌ಬಾಕ್ಸಿನ ಮೇಲೆ ಕೂತ ಯಂತ್ರದ ಕೈ. ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಇರುವ ಕಾರುಗಳ ಕತೆಯೇ ಬೇರೆ. ಎರಡನ್ನೂ ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ ಹುಟ್ಟಿದೆ.

ನಮ್ಮ ಊರುಗಳಲ್ಲಿ ಈ ಯೋಚನೆ ಬರುವುದು ಓಡಿಸುವ ಸುಖಕ್ಕಾಗಿ ಅಲ್ಲ, ಖರ್ಚಿನ ಭಯಕ್ಕೆ. ಹತ್ತು ಹನ್ನೆರಡು ವರ್ಷ ಓಡಿದ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಾಗ, ಶೋರೂಮಿನವರು ಹೇಳುವ ಮೊತ್ತ ಒಮ್ಮೊಮ್ಮೆ ಕಾರಿನ ಬೆಲೆಯನ್ನೇ ಮುಟ್ಟುತ್ತದೆ. ಆಗ ಗ್ಯಾರೇಜಿನಲ್ಲಿ ಯಾರಾದರೂ, ‘ಗುಜರಿಯಿಂದ ಮ್ಯಾನುವಲ್ ತಂದು ಹಾಕಿಬಿಡೋಣ ಸಾರ್, ಅರ್ಧ ದುಡ್ಡಲ್ಲಿ ಆಗುತ್ತೆ’ ಎನ್ನುತ್ತಾರೆ. ಆ ಮೆಕ್ಯಾನಿಕ್ ಮೋಸಗಾರ ಎಂದು ನಾನು ಹೇಳುತ್ತಿಲ್ಲ. ಅವನ ಲೆಕ್ಕದಲ್ಲಿ ಗೇರ್‌ಬಾಕ್ಸ್, ಕ್ಲಚ್, ಕೂಲಿ ಇವೆ. ಪೆಡಲ್ ಸೆಟ್ಟು, ಕಂಪ್ಯೂಟರಿನ ಪ್ರೋಗ್ರ್ಯಾಮ್, ಸ್ಟಾರ್ಟರ್ ಸ್ವಿಚ್ಚು, ರಿವರ್ಸ್ ಲೈಟಿನ ವೈರು, ಪಾರ್ಕ್ ಇಲ್ಲದ್ದರಿಂದ ಬಿಗಿಯಾಗಿರಲೇಬೇಕಾದ ಹ್ಯಾಂಡ್ ಬ್ರೇಕು, ಇವು ಆಮೇಲೆ ಒಂದೊಂದಾಗಿ ಬಿಲ್ಲಿಗೆ ಸೇರುತ್ತವೆ. ಜೊತೆಗೆ, ಗುಜರಿಯಿಂದ ಬಂದ ಗೇರ್‌ಬಾಕ್ಸಿನ ಸಿಂಕ್ರೊ ರಿಂಗುಗಳು ಎಷ್ಟು ಸವೆದಿವೆ ಎಂಬುದು ಹಾಕಿ ಓಡಿಸಿದ ಮೇಲೆಯೇ ಗೊತ್ತಾಗುವುದು.

ಕಾನೂನಿನ ಕಡೆಯಿಂದಲೂ ಇದು ಗಟ್ಟಿ ನೆಲವಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಹಲವು ಕಾರುಗಳ ಆರ್‌ಸಿಯಲ್ಲಿ ಮಾಡೆಲ್ ಹೆಸರಿನ ಜೊತೆಗೇ ಎಟಿ ಅಥವಾ ಸಿವಿಟಿ ಎಂಬ ಅಕ್ಷರಗಳಿರುತ್ತವೆ. ಒಳಗೆ ಕ್ಲಚ್ ಪೆಡಲ್, ಕಾಗದದಲ್ಲಿ ಆಟೋಮ್ಯಾಟಿಕ್ ಎಂದಾಗ, ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ಕೇಳುವ ಪ್ರಶ್ನೆಗೆ ಮಾಲೀಕನ ಬಳಿ ಉತ್ತರವಿರುವುದಿಲ್ಲ. ಬಿಎಂಡಬ್ಲ್ಯುವಿನ ತವರಾದ ಜರ್ಮನಿಯಲ್ಲೂ ಇಂಥ ಬದಲಾವಣೆಯನ್ನು ತಪಾಸಕರಿಂದ ಪರೀಕ್ಷೆ ಮಾಡಿಸಿ ದಾಖಲೆಯಲ್ಲಿ ಬರೆಸಬೇಕು. ಇಲ್ಲದಿದ್ದರೆ ರಸ್ತೆಗಿಳಿಸುವ ಪರವಾನಗಿಯೇ ಹೋಗಬಹುದು.

ಮನೆಯವರ ಮಾತನ್ನೂ ಮರೆಯಬಾರದು. ಜಪಾನಿನಲ್ಲಿ 1991ರಿಂದ ಆಟೋಮ್ಯಾಟಿಕ್‌ಗೆ ಮಾತ್ರ ಸಲ್ಲುವ ಲೈಸೆನ್ಸ್ ಇದೆ, ಬ್ರಿಟನ್ನಿನಲ್ಲೂ ಅಂಥದ್ದೇ ಇದೆ. ಆ ಲೈಸೆನ್ಸ್ ಇರುವ ಹೆಂಡತಿಯೋ ಮಗನೋ, ಮನೆಯೆದುರಿನ ಕಾರಿಗೆ ಕ್ಲಚ್ ಬಂದ ದಿನದಿಂದ ಅದನ್ನು ಮುಟ್ಟುವಂತಿಲ್ಲ. ಮೊಣಕಾಲು ನೋವಿನಿಂದಾಗಿಯೇ ಆಟೋಮ್ಯಾಟಿಕ್ ಕೊಂಡ ಹಿರಿಯರಿರುವ ನಮ್ಮ ಮನೆಗಳಲ್ಲಿ ಕಾನೂನು ತಡೆಯದಿದ್ದರೂ ಪರಿಣಾಮ ಅದೇ.

ತಯಾರಕರೇ ಮ್ಯಾನುವಲ್ ಕೊಡಲು ಹೊರಟಾಗ ಏನಾಯಿತು ನೋಡಿ. ಪೋರ್ಷೆ 2013ರಲ್ಲಿ 911 ಜಿಟಿ3 ಕಾರನ್ನು ಆಟೋಮ್ಯಾಟಿಕ್ ಆಗಿ ಗೇರ್ ಬದಲಿಸುವ ಪಿಡಿಕೆ ಜೊತೆ ಮಾತ್ರ ತಂದಾಗ ಅಭಿಮಾನಿಗಳು ಸಿಟ್ಟಾದರು. 2016ರಲ್ಲಿ ಕಂಪನಿ ಆರು ಗೇರಿನ ಮ್ಯಾನುವಲ್‌ನ 911 ಆರ್ ತಂದಿತು, 991 ಕಾರುಗಳನ್ನು ಮಾತ್ರ. ಅವಕ್ಕೆ ಎಂಥ ಬೇಡಿಕೆ ಬಂತೆಂದರೆ ಮುಂದಿನ ಜಿಟಿ3ಗೆ ಮ್ಯಾನುವಲ್ ಮರಳಿತು. ಮ್ಯಾನುವಲ್ ಬೇಕೆಂಬ ಕೂಗಿಗೆ ಫಲ ಸಿಗುವುದು ಹೀಗೆ, ಕೊಳ್ಳುವವರು ಕೇಳಿ ಪಡೆದಾಗ. ಹಳೆಯ ಆಟೋಮ್ಯಾಟಿಕ್‌ಗಳನ್ನು ಬಿಚ್ಚಿ ಕಟ್ಟುವುದರಿಂದ ಮಾರುಕಟ್ಟೆಗೆ ಆ ಮಾತು ಮುಟ್ಟುವುದಿಲ್ಲ. ಮಾರುವಾಗಲೂ ಅಷ್ಟೆ: ಚಾಸಿ ನಂಬರನ್ನು ನೋಡಿದರೆ ಕಾರು ಆಟೋಮ್ಯಾಟಿಕ್ ಆಗಿ ಹುಟ್ಟಿದ್ದು ಎಂದು ಗೊತ್ತಾಗುತ್ತದೆ, ಬದಲಾಯಿಸಿದ ಕಾರಿಗೆ ಮೂಲ ಮ್ಯಾನುವಲ್‌ನ ಬೆಲೆ ಬರುವುದಿಲ್ಲ. ಅಷ್ಟು ಹಣ, ಅಷ್ಟು ತಿಂಗಳ ಓಡಾಟ ಎಲ್ಲ ಸೇರಿಸಿದರೆ, ಇದ್ದ ಕಾರನ್ನು ಮಾರಿ ಒಳ್ಳೆಯ ಮ್ಯಾನುವಲ್ ಕಾರನ್ನೇ ಕೊಂಡಿದ್ದರೆ ಹೆಚ್ಚಿನವರಿಗೆ ಅಗ್ಗವಾಗುತ್ತಿತ್ತು.

ಇಷ್ಟಾದ ಮೇಲೂ ಬದಲಾಯಿಸಿದ ಕಾರು ನಿಮ್ಮ ಬಳಿ ಇದ್ದು, ಅದನ್ನು ಮಾರಲು ಹೊರಟಿದ್ದರೆ ಒಂದು ವಿನಂತಿ. ಯಾವ ಭಾಗ ಯಾವ ಕಾರಿನಿಂದ ಬಂತು, ಡಿಫರೆನ್ಷಿಯಲ್ ಬದಲಾಗಿದೆಯೇ, ಸ್ಟಾರ್ಟರಿನ ವೈರನ್ನು ಎಲ್ಲಿ ಹೇಗೆ ಕೂಡಿಸಲಾಗಿದೆ, ಕಂಪ್ಯೂಟರಿನ ಪ್ರೋಗ್ರ್ಯಾಮ್ ಯಾರು ಬರೆದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬಿಲ್ಲುಗಳ ಜೊತೆ ಕೊಳ್ಳುವವರ ಕೈಗೆ ಕೊಡಿ. ಆ ಕಾರನ್ನು ಮುಂದೆ ಓಡಿಸುವವರು ಬೇರೆಯವರು, ಅವರ ಮೆಕ್ಯಾನಿಕ್ಕೂ ಬೇರೆಯವನು.